ಹದಿನೇಳನೇ ನಂಬರಿನ ಚೀಟಿ

ಗಂಡನ ಕಾರಿನ ಸುತ್ತುಗಳನ್ನು ಹೆಂಡತಿ ಎಣಿಸುವಂತಿಲ್ಲ. ಪಿಂಡರ್ ಮಿಲ್ ಊರಿನ ಮಣ್ಣಿನ ರೇಸ್ ಟ್ರ್ಯಾಕಿನಲ್ಲಿ ಎಲ್ಲರೂ ಪಾಲಿಸುತ್ತಿದ್ದ ನಿಯಮ ಅದೊಂದೇ. ಉಳಿದವನ್ನು ಗಂಡಸರು ಭಾನುವಾರಕ್ಕೊಂದು ಬಗೆಯಲ್ಲಿ ಬದಲಾಯಿಸಿಕೊಳ್ಳುತ್ತಿದ್ದರು. ಹಾಗಾಗಿ ನನ್ನ ಗಂಡ ಆರ್ವಿಲ್‌ನ ನಲವತ್ತನಾಲ್ಕನೇ ನಂಬರಿನ ಕಾರನ್ನು ಮ್ಯಾಕ್ಸಿನ್ ಎಣಿಸುತ್ತಿದ್ದಳು. ಅವಳ ಗಂಡ ಕಾಯ್ ಶುಮೇಟ್‌ನ ಹದಿನೇಳನೇ ನಂಬರನ್ನು ನಾನು ಎಣಿಸುತ್ತಿದ್ದೆ. ಗಂಡಂದಿರಿಬ್ಬರೂ ಟ್ರ್ಯಾಕಿಗಿಳಿದರೆ ಹಾವು ಮುಂಗುಸಿ. ನಾವಿಬ್ಬರೂ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು.

ಕೆಲಸವೇನೂ ದೊಡ್ಡದಲ್ಲ. ಸುತ್ತು ಮುಗಿಯುವ ಗೆರೆಯ ಎದುರು ಹಲಗೆ ಬಡಿದು ಮಾಡಿದ ಅಟ್ಟ, ಉದ್ದನೆಯ ಮೇಜು, ಮೇಜಿನ ತುದಿಯಲ್ಲಿ ದೊಡ್ಡ ಗಡಿಯಾರ. ನಿಮ್ಮ ಕಾರು ಗೆರೆ ದಾಟಿದಾಗಲೆಲ್ಲ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಬೇಕು. ಇಪ್ಪತ್ತಾರು ಕಾರು, ಇಪ್ಪತ್ತಾರು ಹೆಂಗಸರು, ಇಪ್ಪತ್ತಾರು ಚೀಟಿ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಪ್ರೂಯಿಟ್ ಮೇಷ್ಟ್ರು ನಮ್ಮ ಬೆನ್ನ ಹಿಂದೆ ಅಡ್ಡಾಡುತ್ತ ಚೀಟಿಗಳನ್ನು ನೋಡಿ, ಯಾರು ಮುಂದಿದ್ದಾರೆಂದು, ನಂಬರಿನ ಹಲಗೆ ಸಿಕ್ಕಿಸುವ ಬೋರ್ಡಿನವನಿಗೆ ಕೂಗಿ ಹೇಳುತ್ತಿದ್ದರು.

"ಕಣ್ಣು ಗೆರೆ ಮೇಲಿರ್ಲಿ, ತಾಯಂದಿರಾ," ಎಂದರು ಆ ದಿನವೂ. "ಗಂಡಂದಿರನ್ನ ಮನೇಲಿ ನೋಡ್ಕೊಳ್ಳಿ."

"ಮನೇಲಿ ಸಿಕ್ಕಿದ್ರೆ ತಾನೇ ಮೇಷ್ಟ್ರೇ!" ಎಂದಳು ಮ್ಯಾಕ್ಸಿನ್. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಗಂಡ ಮನೆಯಲ್ಲಿ ಸಿಗದಿದ್ದುದಕ್ಕೆ ಕಾರಣ ಇಡೀ ಊರಿಗೆ ಗೊತ್ತಿತ್ತು. ಅವನ ಚಿಕ್ಕಪ್ಪ ಲೋಂಜೊ ಗುಡ್ಡದ ಮೇಲೆ ಕಳ್ಳಭಟ್ಟಿ ಇಳಿಸುತ್ತಿದ್ದ. ಅದನ್ನು ಶಾರ್ಲೆಟ್ ಪಟ್ಟಣಕ್ಕೆ ಮುಟ್ಟಿಸುತ್ತಿದ್ದವನು ಆರ್ವಿಲ್. ಸರಕಿಗೂ ರೇಸಿಗೂ ಒಂದೇ ಕಾರು, ಅದೂ ಚಿಕ್ಕಪ್ಪನದೇ. ಏಪ್ರಿಲ್‌ನಲ್ಲಿ ಇದೇ ಕೆಲಸದಲ್ಲಿ ಆರ್ವಿಲ್‌ನ ತಮ್ಮ ಟಾಲ್ಮೇಜ್ ಸತ್ತ. ಹಿಂದೆ ಪೊಲೀಸರಿದ್ದರು, ಮುಂದೆ ಮರವಿತ್ತು. ಮುಖ ನೋಡುವಂತಿರಲಿಲ್ಲ, ಇಪ್ಪತ್ತೆರಡು ವರ್ಷದ ಹುಡುಗನ ಶವಪೆಟ್ಟಿಗೆಯನ್ನು ಮುಚ್ಚಿಯೇ ಹೂಳಿದರು. ಅಂದಿನಿಂದ ಆರ್ವಿಲ್ ಸರಕು ಹೊತ್ತು ಹೊರಟಾಗಲೆಲ್ಲ ನಾನು ಅಡುಗೆಮನೆಯಲ್ಲಿ ಕೂತು ಬದುಕಿದ್ದೂ ಸತ್ತಂತಿರುತ್ತಿದ್ದೆ.

ಹೀಗಿರುವಾಗ ಪೇಟೆಯಲ್ಲಿ ಕಾರು ಮಾರುವ ಹ್ಯಾಸ್ಕೆಲ್ ಒಂದು ಮಾತು ಹೇಳಿ ಕಳಿಸಿದ. ಜೂನ್ ತಿಂಗಳ ಇನ್ನೂರು ಸುತ್ತಿನ ರೇಸು ಗೆದ್ದವನೇ ತನ್ನ ರಿಪೇರಿ ಶೆಡ್ಡಿನ ಮುಖ್ಯ ಮೆಕ್ಯಾನಿಕ್; ಗೆದ್ದವನ ಹೆಸರು ಬಾಗಿಲ ಮೇಲಿದ್ದರೆ ಗಿರಾಕಿಗಳು ತಾವಾಗಿ ಬರುತ್ತಾರೆ ಎಂಬುದು ಅವನ ಎಣಿಕೆ.

"ಗೆದ್ರೆ ಚಿಕ್ಕಪ್ಪನ ಕೆಲಸ ಬಿಟ್ಬಿಡ್ತೀನಿ," ಎಂದಿದ್ದ ಆರ್ವಿಲ್.

"ಸೋತ್ರೆ?"

"ಬೇರೆ ಕೆಲಸ ಇಲ್ದೆ ಯಾವ ಮುಖ ಇಟ್ಕೊಂಡು ಅವನಿಗೆ ಬರಲ್ಲ ಅನ್ಲಿ, ಡೆಲ್ಫಿಯಾ?"

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಪೆನ್ಸಿಲ್ ಹಿಡಿದು ಕೂತಿದ್ದೆ.

ಹಸಿರು ಬಾವುಟ ಬಿತ್ತು, ರೇಸು ಹೊರಟಿತು. ಹತ್ತು ಸುತ್ತಿನೊಳಗೆ ಕೆಮ್ಮಣ್ಣಿನ ಧೂಳು ನಮ್ಮ ಕೂದಲು, ಹಲ್ಲು, ಬುತ್ತಿಯ ಕೋಳಿ ತುಂಡುಗಳ ಮೇಲೆಲ್ಲ ಕೂತಿತು. ನೂರನೇ ಸುತ್ತಿನ ಹೊತ್ತಿಗೆ ಒಂಬತ್ತು ಕಾರು ಕೆಟ್ಟು ನಿಂತಿದ್ದವು. ಕಾಯ್ ಮುಂದೆ, ಆರ್ವಿಲ್ ಅವನ ಬೆನ್ನಿಗೆ. ತಿರುವಿನ ಗುಂಡಿಗೆ ಬಿದ್ದಾಗ ಇಬ್ಬರ ಚಕ್ರಗಳೂ ನೆಲ ಬಿಡುತ್ತಿದ್ದವು. ಮೂವತ್ತು ಸೆಕೆಂಡಿಗೊಮ್ಮೆ ಹದಿನೇಳು ಬಂತು, ಬರೆದೆ. ಮತ್ತೆ ಬಂತು, ಮತ್ತೆ ಬರೆದೆ.

ಕಾಯ್‌ಗೆ ನೂರಮೂವತ್ತೇಳು ಬರೆದು ತಲೆಯೆತ್ತಿದಾಗ ಮೂರನೇ ತಿರುವಿನಲ್ಲಿ ತಗಡು ಹರಿದ ಸದ್ದು ಕೇಳಿತು. ಸುತ್ತಿನಲ್ಲಿ ಹಿಂದೆ ಬಿದ್ದಿದ್ದ ಎರಡು ಕಾರುಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಧೂಳು ಗೋಡೆಯಂತೆ ಎದ್ದಿತು. ಆ ಧೂಳಿನೊಳಗೆ ನಲವತ್ತನಾಲ್ಕು ನುಗ್ಗಿದ್ದನ್ನು ಕಂಡೆ. ಹೊರಗೆ ಬಂದದ್ದನ್ನು ಕಾಣಲಿಲ್ಲ. ಒಳಗೆ ಬೆಂಕಿ ಎದ್ದಿತು.

ನಾನು ಎದ್ದು ನಿಂತೆ. ಕಿರುಚಿದೆನಂತೆ, ನೆನಪಿಲ್ಲ. ಟಾಲ್ಮೇಜ್‌ನ ಮುಚ್ಚಿದ ಪೆಟ್ಟಿಗೆಯೊಂದೇ ಕಣ್ಣಮುಂದಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಮುಂದಿನ ಬಂಪರ್ ನೇತಾಡಿಸಿಕೊಂಡು ನಲವತ್ತನಾಲ್ಕು ಹೊಗೆಯಿಂದ ಹೊರಬಂತು. ಬೆಂಕಿ ಬೇರೆಯವರ ಕಾರಿನದು. ಅದರ ಚಾಲಕ ಬೇಲಿ ಹಾರಿ ಓಡುತ್ತಿದ್ದ. ನಾನು ಕೂತೆ. ಪೆನ್ಸಿಲ್ ಮತ್ತೆ ಹಿಡಿದೆ. ನಿಧಾನಿಸಲು ಹೇಳುವ ಹಳದಿ ಬಾವುಟದಡಿ ಕಾರುಗಳು ಮೆಲ್ಲಗೆ ಬಂದವು, ಹದಿನೇಳು ದಾಟಿತು, ಗಡಿಯಾರ ನೋಡಿ ನೂರಮೂವತ್ತೆಂಟು ಎಂದು ಬರೆದೆ.

ಬರೆದ ಮೇಲೆ ಚೀಟಿ ನೋಡಿದೆ. ಮೂವತ್ತು, ಮೂವತ್ತೊಂದು, ಮೂವತ್ತು. ಆಮೇಲೆ ಒಮ್ಮೆಗೇ ಎಪ್ಪತ್ತೆರಡು ಸೆಕೆಂಡಿನ ಅಂತರ. ನಾನು ನಿಂತಿದ್ದಾಗ ಕಾಯ್ ನನ್ನ ಮೂಗಿನ ಕೆಳಗೇ ಒಂದು ಸುತ್ತು ಹೋಗಿದ್ದ.

ತಪ್ಪಿದ್ದನ್ನು ನಾವೇ ತುಂಬಿಸುವಂತಿಲ್ಲ. ಕೈಯೆತ್ತಿ ಮೇಷ್ಟ್ರನ್ನು ಕರೆಯಬೇಕು. ಕೈ ಎತ್ತಬೇಕು ಎಂದುಕೊಂಡೆ. ಅಷ್ಟರಲ್ಲಿ ಬೋರ್ಡಿನವನು ಏಣಿ ಹತ್ತಿ ಮೇಲಿನ ಹಲಗೆ ತೆಗೆದು ನಲವತ್ತನಾಲ್ಕನ್ನು ಸಿಕ್ಕಿಸಿದ. ಆರ್ವಿಲ್ ಮೊದಲನೆಯವನು! ನನ್ನ ಕೈ ಮೇಜಿನ ಮೇಲೇ ಉಳಿಯಿತು.

ಇನ್ನೂ ಅರವತ್ತು ಸುತ್ತು, ಅಂದರೆ ಅರ್ಧ ಗಂಟೆ. ಆ ಅರ್ಧ ಗಂಟೆಯಷ್ಟು ಉದ್ದದ ಹೊತ್ತನ್ನು ನಾನು ಹೆರಿಗೆಯಲ್ಲೂ ಕಂಡಿಲ್ಲ. ಮೇಷ್ಟ್ರು ಬೆನ್ನ ಹಿಂದೆ ಬಂದಾಗಲೆಲ್ಲ ಮೊಣಕೈಯಿಂದ ಚೀಟಿಯ ಆ ಸಾಲು ಮುಚ್ಚಿದೆ.

"ಕಾಯ್‌ನ ಯಾರೂ ಹಿಂದೆ ಹಾಕ್ಲಿಲ್ವಲ್ಲೇ," ಎಂದಳು ಮ್ಯಾಕ್ಸಿನ್ ತುಟಿ ಅಲುಗಿಸದೆ. "ಬೋರ್ಡಲ್ಲಿ ಎರಡನೇದಕ್ಕೆ ಹೆಂಗ್ ಹೋದ?"

"ಮಾತಾಡ್ಬೇಡ. ಗೆರೆ ನೋಡು."

"ನೋಡ್ತಾನೇ ಇದೀನಿ ಕಣೇ. ನಿನ್ ಗಂಡನ್ನೇ ನೋಡ್ತಾ ಇದೀನಿ."

ಕೊನೆಯ ಹತ್ತು ಸುತ್ತು ಆರ್ವಿಲ್ ಕಾಯ್‌ನ ಬಾಲ ಮುಟ್ಟಿಕೊಂಡೇ ಓಡಿಸಿದ. ಪಾಪ, ಅವನು ಬೋರ್ಡು ನೋಡಿರಲಿಲ್ಲ. ಗೆಲ್ಲಲು ಕಾಯ್‌ನನ್ನು ದಾಟಲೇಬೇಕೆಂದು ಪ್ರಾಣ ಒತ್ತೆಯಿಟ್ಟು ನುಗ್ಗುತ್ತಿದ್ದ. ಒಮ್ಮೆ ಬೇಲಿಗೆ ಉಜ್ಜಿ ಕಿಡಿ ಹಾರಿಸಿದ. ನನ್ನ ಸುಳ್ಳು ತಿಳಿಯದೆ ಇವನು ಇಲ್ಲೇ ಸಾಯುತ್ತಾನೆ ಎಂದು ಹೆದರಿಕೆಯಾಯಿತು. ಕಾಯ್ ನಾಲ್ಕು ಕಾರಿನಷ್ಟು ಮುಂದಾಗಿ ಗೆರೆ ದಾಟಿದ. ಬಾವುಟದವನು ಗೆದ್ದವನ ಚೌಕುಳಿ ಬಾವುಟ ಬೀಸಿದ್ದು ಮಾತ್ರ ಆರ್ವಿಲ್‌ಗೆ.

ಎರಡು ನಿಮಿಷದಲ್ಲಿ ಅಟ್ಟದ ಕೆಳಗೆ ಜಾತ್ರೆ ನೆರೆಯಿತು. ಕಾಯ್ ಕನ್ನಡಕ ಕಿತ್ತೆಸೆದು ಬಂದ. ಕಣ್ಣ ಸುತ್ತ ಬಿಳಿ, ಉಳಿದದ್ದೆಲ್ಲ ಕೆಂಪು.

"ಯಾರ್ರೀ ಎಣಿಸಿದ್ದು? ನನ್ನ ಮುಂದೆ ಒಂದು ನೊಣಾನೂ ಹೋಗಿಲ್ಲ!"

"ಸೋತೋನು ಲೆಕ್ಕ ಕೇಳ್ತಾನೆ," ಎಂದ ಆರ್ವಿಲ್. ಅವನ ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು, ಆದರೆ ಮುಖ ಅರಳಿತ್ತು. ಟಾಲ್ಮೇಜ್ ಹೋದ ಮೇಲೆ ಆ ಮುಖ ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಪಕ್ಕದಲ್ಲೇ ಹ್ಯಾಸ್ಕೆಲ್ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ.

ಮೇಷ್ಟ್ರು ಚೀಟಿಗಳನ್ನು ಹರಡಿ, ಹದಿನೇಳರ ಚೀಟಿಯ ಮೇಲೆ ಬೆರಳಿಟ್ಟರು.

"ಇಲ್ಲಿ ಎಪ್ಪತ್ತೆರಡು ಸೆಕೆಂಡು. ಡೆಲ್ಫಿಯಾ, ಅಪಘಾತದಲ್ಲಿ ಕಾಯ್ ನಿಧಾನ ಮಾಡಿದ್ನಾ? ಇಲ್ಲ ನೀನು ಒಂದು ಸುತ್ತು ಬಿಟ್ಯಾ?"

"ನಿಧಾನ ಮಾಡ್ದ," ಎಂದೆ. "ಹಳದಿ ಬಾವುಟ ಇತ್ತಲ್ಲ."

"ನಾನು ನಿಂತೇ ಇಲ್ಲ!" ಎಂದು ಕಾಯ್ ಕೂಗಿದ.

ಮೇಷ್ಟ್ರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. "ಎಣಿಸಿದವಳ ಮಾತೇ ಕೊನೆ. ಅದಕ್ಕೇ ತಾನೇ ಗಂಡನ ಕಾರು ಕೊಡೋದಿಲ್ಲ. ಯೋಚ್ನೆ ಮಾಡಿ ಹೇಳು, ತಾಯಿ. ಇನ್ನೊಂದ್ಸಲ ಕೇಳಲ್ಲ."

ಆಗ ಮ್ಯಾಕ್ಸಿನ್ ತನ್ನ ಚೀಟಿಯನ್ನು ನನ್ನ ಮುಂದಕ್ಕೆ ಸರಿಸಿದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ಬೆಂಕಿ ನಾನೂ ನೋಡ್ದೆ ಕಣೇ," ಎಂದಳು ಮೆಲ್ಲಗೆ. "ಆರ್ವಿಲ್ ಹೋದ ಅಂದ್ಕೊಂಡೆ. ಆದ್ರೂ ಬಂದೇ ಬರ್ತಾನೆ, ಅವನ ಸುತ್ತು ತಪ್ಪಬಾರ್ದು ಅಂತ ಗೆರೆ ಮೇಲಿಂದ ಕಣ್ಣು ತೆಗೀಲಿಲ್ಲ. ನೋಡು, ಇಲ್ಲಿ ಬರ್ದಿದೀನಿ."

ಬರೆದಿದ್ದಳು. ಪೆನ್ಸಿಲ್ ಒತ್ತಿದ ರಭಸಕ್ಕೆ ಅಲ್ಲಿ ಕಾಗದ ತೂತಾಗಿತ್ತು. ನನ್ನ ಗಂಡ ಹೊಗೆಯಿಂದ ಎದ್ದು ಬಂದದ್ದನ್ನು ಅವಳು ನನ್ನ ಪರವಾಗಿ ಕಾದು ಬರೆದುಕೊಂಡಿದ್ದಳು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

"ಬಿಟ್ಟೆ, ಮೇಷ್ಟ್ರೇ," ಎಂದೆ. "ನಾನು ಎದ್ದು ನಿಂತಿದ್ದೆ. ಒಂದು ಸುತ್ತು ಬಿಟ್ಟೆ. ಗೆದ್ದೋನು ಕಾಯ್."

ಹ್ಯಾಸ್ಕೆಲ್ ಆರ್ವಿಲ್‌ನ ಹೆಗಲಿನಿಂದ ಕೈ ತೆಗೆದ. ತೆಗೆದ ಕೈಯನ್ನು ಕಾಯ್‌ನತ್ತ ಚಾಚಿದ.

ಮನೆಯ ದಾರಿಯಲ್ಲಿ ಆರ್ವಿಲ್ ಒಂದೇ ಮಾತು ಕೇಳಿದ. "ಗೆದ್ದೆ ಅಂದ್ಕೊಂಡು ಊರೆದುರು ನಗೆಪಾಟಲಾದೆ. ಅರ್ಧ ನಿಮಿಷ ಕಣ್ಣು ನೆಟ್ಟಗಿಡೋಕೆ ಆಗ್ಲಿಲ್ವಾ ನಿಂಗೆ?"

"ನೀನು ಸತ್ತೆ ಅಂದ್ಕೊಂಡೆ."

"ಸಾಯೋದು ನನ್ ಕೆಲಸ. ಗೆರೆ ನೋಡೋದು ನಿನ್ದು."

ನಿಜ ಹೇಳಿದೆನೆಂದು ಊರು ನನ್ನನ್ನು ಹೊಗಳಿತು. ಆ ಹೊಗಳಿಕೆಗೆ ನನ್ನ ಮೈ ಉರಿಯುತ್ತಿತ್ತು. ನನ್ನ ನಿಜ ಕಾಯ್‌ಗೆ ಕೆಲಸ ಕೊಡಿಸಿತ್ತು, ಆರ್ವಿಲ್‌ನನ್ನು ಮತ್ತೆ ಚಿಕ್ಕಪ್ಪನ ಕೈಗೆ ಒಪ್ಪಿಸಿತ್ತು.

ಮಂಗಳವಾರ ಸಂಜೆ ಅವನು ಸರಕು ತುಂಬಿ ಕಾರು ಶುರು ಮಾಡಿದಾಗ ನಾನು ಮಕ್ಕಳನ್ನು ಅಮ್ಮನ ಮನೆಗೆ ಕಳಿಸಿ ಬಂದಿದ್ದೆ. ಇನ್ನೊಂದು ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ.

"ಇಳಿ, ಡೆಲ್ಫಿಯಾ."

"ಇಳಿಯಲ್ಲ. ದೂರ ಕೂತು ನೀನು ಬರೋದನ್ನ ಕಾಯೋದು ನನ್ ಕೈಲಾಗಲ್ಲ ಅಂತ ಭಾನುವಾರ ಇಡೀ ಊರಿಗೇ ಗೊತ್ತಾಯ್ತಲ್ಲ. ಸತ್ರೆ ಒಟ್ಟಿಗೇ ಸಾಯೋಣ. ಹೊರಡು."

ಬೈದ, ಸ್ಟಿಯರಿಂಗ್ ಗುದ್ದಿದ, ಕೊನೆಗೆ ಹೊರಟ. ಗುಡ್ಡ ಇಳಿಯುವ ಮೊದಲ ತಿರುವಿನಲ್ಲಿ ಒಮ್ಮೆ ನನ್ನ ಕಡೆ ನೋಡಿ ಬ್ರೇಕ್ ಒತ್ತಿದ. ಎರಡನೆಯ ತಿರುವಿನಲ್ಲೂ ಒತ್ತಿದ. ಶಾರ್ಲೆಟ್‌ವರೆಗೂ ಗಂಟೆಗೆ ಮೂವತ್ತು ಮೈಲಿ ದಾಟಲಿಲ್ಲ. ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ ಹೋದೆ.

ಮೂವತ್ತು ಮೈಲಿಯಲ್ಲಿ ಸಾರಾಯಿ ಸಾಗಿಸುವವನನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾಲ್ಕನೇ ಮಂಗಳವಾರ ಲೋಂಜೊ ಚಿಕ್ಕಪ್ಪನೇ ಅಂಗಳಕ್ಕೆ ಬಂದ.

"ಹೆಂಡ್ತೀನ ಚರ್ಚಿಗೆ ಕರ್ಕೊಂಡು ಹೋಗೋ ಹಂಗೆ ಓಡಿಸ್ತೀಯಂತಲ್ಲೋ," ಎಂದು ಉಗಿದು, ಕೀಲಿ ಕಿತ್ತುಕೊಂಡು ಕಾರು ತೆಗೆದುಕೊಂಡು ಹೋದ. ಅದರ ಜೊತೆ ರೇಸೂ ಹೋಯಿತು.

ಆರ್ವಿಲ್ ಹತ್ತಿ ಮಿಲ್ಲಿಗೆ ಸೇರಿದ. ಎರಡು ವಾರ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆಡದಿದ್ದರೆ ಬೇಡ. ದಿನಾ ಸಂಜೆ ಆರಕ್ಕೆ ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೇಳುತ್ತಿತ್ತು. ನಾನು ಒಲೆಯ ಕಡೆ ಮುಖ ಮಾಡಿ ನಿಂತು, ಅವನಿಗೆ ಕಾಣದ ಹಾಗೆ ಅಳುತ್ತಿದ್ದೆ.