ಕಾಲೇಜು ಪಾಲಿನ ಬಂಗುಡೆ

ಬಸ್ರೂರಿನ ಪ್ರಫುಲ್ಲಾ ಪಾಠ ಮಾಡಿದರೆ ಬಾಟಲಿಯೊಳಗಿನ ಸತ್ತ ಕಪ್ಪೆಯೂ ಎದ್ದು ಕೂತು ನೋಟ್ಸ್ ಬರೆದುಕೊಳ್ಳುತ್ತಿತ್ತು. ಸಂಶಯವಿದ್ದವರು ಕಿರಿಮಂಜೇಶ್ವರದ ಆಚೆ, ಕಡಲಿಗೆ ಬೆನ್ನು ಹಾಕಿ ನಿಂತ ಆ ಕಾಲೇಜಿನ ಯಾವ ಮಕ್ಕಳನ್ನಾದರೂ ಕೇಳಬಹುದು. ಅವಳು ಅಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಲೋಕದಲ್ಲೆಲ್ಲ ಅತಿಥಿಗೆ ಮಣೆ ಹಾಕಿ ಕೂರಿಸುತ್ತಾರೆ. ಈ ಅತಿಥಿಗೆ ಕುರ್ಚಿಯೇ ಇಲ್ಲ. ಖಾಯಂ ಮೇಷ್ಟ್ರು ಯಾರಾದರೂ ರಜೆ ಹಾಕಿದ ದಿನ ಅವಳ ಬೆನ್ನಿಗೆ ಹಬ್ಬ. ಸಂಬಳ ತಾಸಿನ ಲೆಕ್ಕದ್ದು. ಮಳೆಗೆ ರಜೆ ಸಾರಿದರೆ ಮಕ್ಕಳು ಮುಗಿಲಿಗೆ ಹಾರುತ್ತಿದ್ದರು, ಪ್ರಫುಲ್ಲಾಳ ಅಡುಗೆಮನೆಯ ಅಕ್ಕಿ ಡಬ್ಬಿ ಗೊಳೋ ಎಂದು ಅಳುತ್ತಿತ್ತು. ವರ್ಷ ವರ್ಷ ಹೊಸ ಆದೇಶವಾಗಬೇಕು, ಅದಕ್ಕೆ ಆಡಳಿತ ಮಂಡಳಿಯ ಅಧ್ಯಕ್ಷ ಪ್ರೇಮಾನಂದರ ಸಹಿ ಬೀಳಬೇಕು. ಗಂಡ ಚಂದ್ರ ಸ್ಕೂಟರಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ ಈ ವರ್ಷವಂತೂ ಆ ಸಹಿ ಬಿದ್ದರೆ ಮಾತ್ರ ಮನೆಯ ಒಲೆ ಉರಿಯುವುದು.

ಪ್ರೇಮಾನಂದರಿಗೆ ಎಷ್ಟು ಬೋಟುಗಳೆಂದರೆ, ಒಂದರಿಂದ ಒಂದಕ್ಕೆ ಜಿಗಿಯುತ್ತಾ ಹೋದರೆ ಕಾಲು ಒದ್ದೆಯಾಗದೆ ಲಕ್ಷದ್ವೀಪ ಮುಟ್ಟಬಹುದು. ಕಾಲೇಜು ಕಟ್ಟಿಸಿದ್ದೂ ಬೋಟಿನವರೇ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಮೊದಲ ಬಲೆ ಎತ್ತಿದಾಗ ಬೋಟಿಗೊಂದು ಪಾಲು, ಬಲೆಗೊಂದು ಪಾಲು, ದೇವರಿಗೊಂದು ಪಾಲು ಇಟ್ಟಂತೆ ಕಾಲೇಜಿಗೂ ಒಂದು ಬುಟ್ಟಿ ಮೀನು ತೆಗೆದಿಡುವುದು ಅಲ್ಲಿನ ಪದ್ಧತಿ. ಬೆಳಿಗ್ಗೆ ಬುಟ್ಟಿ ಕಾಲೇಜಿನ ಜಗುಲಿಗೆ ಬರುತ್ತದೆ, ಮಧ್ಯಾಹ್ನ ಏಲಂ ಆಗುತ್ತದೆ. ಅದನ್ನು ಕೂಗಿ ಕೊಳ್ಳುವುದೆಂದರೆ ರಾಜ್ಯ ಗೆದ್ದಷ್ಟು ಮರ್ಯಾದೆ.

ಈ ವರ್ಷ ಬುಟ್ಟಿ ಬಂದ ಬೆಳಿಗ್ಗೆ ಪ್ರಫುಲ್ಲಾ ತಪ್ಪು ಮಾಡಿದ್ದು ಅಲ್ಲೇ. ಪ್ರಯೋಗಾಲಯಕ್ಕೆ ಒಂದು ಸಿಗಡಿ ಕೊಳ್ಳಲೂ ಕಾಲೇಜು ಕಾಸು ಬಿಚ್ಚುತ್ತಿರಲಿಲ್ಲ. ಜಗುಲಿಯಲ್ಲಿ ಐಸಿನ ಮೇಲೆ ಬುಟ್ಟಿ ತುಂಬ ಬಂಗುಡೆ ಮಲಗಿತ್ತು. "ಬನ್ನಿ ಮಕ್ಕಳೇ, ಇವತ್ತು ಇದೇ ಪ್ರಾಕ್ಟಿಕಲ್" ಎಂದಳು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಿದ ಹಾಗಾಯಿತು. ಮಕ್ಕಳು ಸ್ಕೇಲಿಟ್ಟು ಅಳೆದರು. ಎಲ್ಲವೂ ಮರಿ. ಮೊಟ್ಟೆಯಿಡುವ ವಯಸ್ಸಿಗೆ ಬಂದ ಮೀನು ಬುಟ್ಟಿಯ ತಳದಲ್ಲೂ ಸಿಗಲಿಲ್ಲ. "ಹೀಗೆ ಮರಿಗಳನ್ನೇ ಬಾಚಿದರೆ ಮುಂದೆ ಬಲೆಗೆ ಬರೀ ಉಪ್ಪುನೀರು" ಎಂದು ಪ್ರಫುಲ್ಲಾ ಬೋರ್ಡಿನ ಮೇಲೆ ಬರೆದು ವಿವರಿಸಿದಳು. ಯಾರೋ ಬೋರ್ಡಿನ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು.

ಮಧ್ಯಾಹ್ನ ಏಲಂ ಕೂಗಿದರೆ ಒಬ್ಬನೂ ಬಾಯಿ ಬಿಡಲಿಲ್ಲ. "ತೊಟ್ಲೊಳ್ಗಿಪ್ಪ ಮಕ್ಳಿಗೆಲ್ಲ ಎಂತ ಏಲಂ ಮಾರಾಯ್ರೆ?" ಎಂದ ತೆಕ್ಕಟ್ಟೆಯ ಮೀನು ವ್ಯಾಪಾರಿ ಗುಡ್ಡ. ಅಲ್ಲೆದ್ದ ನಗೆ ಬ್ರಹ್ಮಾವರದ ತನಕ ಕೇಳಿಸಿರಬೇಕು. ಬುಟ್ಟಿ ಕೊಟ್ಟವರು ಪ್ರೇಮಾನಂದರೇ. ಅವರ ಮುಖ ಸುಟ್ಟ ಬದನೆಯಾಯಿತು.

ಮರುದಿನ ಪ್ರಾಂಶುಪಾಲ ಸುಜನ್ ಅವರ ಕೋಣೆಯಿಂದ ಪ್ರಫುಲ್ಲಾಳಿಗೆ ಕರೆ ಬಂತು. ಅಧ್ಯಕ್ಷರು ಆಗಲೇ ಅಲ್ಲಿ ಕೂತಿದ್ದರು.

"ಹ್ವಾಯ್ ಮೇಡಮ್ಮೆ," ಎಂದರು ಪ್ರೇಮಾನಂದರು, "ಕೊಟ್ಟದ್ದನ್ ತಿಂಬುದಾ, ಅಳೆಯುದಾ? ನಿಮ್ಗೊಂದ್ ಸೀರೆ ಕೊಟ್ರೆ ಎಳೆ ಎಣಿಸ್ತ್ರ್ಯಾ?"

"ಅದು ಪಾಠ ಸರ್. ಇದ್ದದ್ದನ್ನ ಅಳ್ದದ್."

"ಪಾಠ ಪುಸ್ತಕದೊಳ್ಗಿತ್, ಅದನ್ ಮಾಡಿ. ಈ ಕಟ್ಟಡದ ಕಲ್ಲ್ ಕಲ್ಲಂಗೂ ಮೀನಿನ್ ವಾಸ್ನೆ ಇತ್. ನಾಳೆ ಕ್ಲಾಸಂಗೆ ಅಳತೆ ತಪ್ಪಾಯ್ತ್ ಅಂತ ಹೇಳ್ಕ್. ನಾನೂ ಬತ್ತೆ. ಆಮೇಲೆ ಸಹಿ ವಿಷ್ಯ ಕಾಂಬ."

ಅವರು ಹೋದ ಮೇಲೆ ಸುಜನ್ ದನಿ ತಗ್ಗಿಸಿದರು. "ಒಂದ್ ಮಾತ್ ಹೇಳಿಬಿಡಿ ಮಾರಾಯ್ರೆ. ನಾಲ್ಗಿಗೆ ಎಂತ ಮೂಳೆ ಇತ್ತಾ?"

ನಾಲಿಗೆಗೆ ಮೂಳೆಯಿಲ್ಲ ನಿಜ. ಮರುದಿನ ಅದು ಮಾತ್ರ ಕಬ್ಬಿಣದ ಲಂಗರಿನಷ್ಟು ಭಾರವಾಗಿತ್ತು. ಪ್ರೇಮಾನಂದರು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಮೊದಲ ಬೆಂಚಿನಲ್ಲಿ ಅವರದೇ ಮಗಳು ಮೋಕ್ಷಿತಾ.

"ಮೊನ್ನೆ ಬುಟ್ಟಿಯ ಮೀನು ಅಳೆದೆವಲ್ಲ," ಎಂದಳು ಪ್ರಫುಲ್ಲಾ, "ಅದು... ಅಳತೆ ತಪ್ಪಾಗಿದೆ."

ಮೋಕ್ಷಿತಾಳ ಪಕ್ಕದಲ್ಲಿದ್ದ ಅಕ್ಷಯ್ ಪೆನ್ನು ಹಿಡಿದು ಕೇಳಿದ, "ಎಲ್ಲಿ ತಪ್ಪಾಯ್ತ್ ಮೇಡಂ? ಬಾಲದ್ ಹತ್ರವಾ, ಮೂತಿ ಹತ್ರವಾ?"

ಕುಂದಾಪುರದಿಂದ ಬೈಂದೂರಿನವರೆಗೆ ಪ್ರಫುಲ್ಲಾಳಷ್ಟು ಚುರುಕಾಗಿ ಉತ್ತರ ಕೊಡುವವರಿಲ್ಲ. ಆದರೆ ಈ ಪ್ರಶ್ನೆಗೆ ಅವಳ ಬಳಿ ಮೂತಿಯೂ ಇಲ್ಲ, ಬಾಲವೂ ಇಲ್ಲ. ಸುಳ್ಳು ಹೇಳುವುದು ಒಂದೇ ವಾಕ್ಯದ ಕೆಲಸ ಅಂದುಕೊಂಡಿದ್ದಳು. ಅದಕ್ಕೂ ವಿವರಣೆ ಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ.

"ಅಳ್ದದ್ ಯಾರ್?" ಹಿಂದಿನಿಂದ ಪ್ರೇಮಾನಂದರು ಗುಡುಗಿದರು.

ಮೋಕ್ಷಿತಾ ಎದ್ದು ನಿಂತಳು. ಮೊದಲು ಟೀಚರ ಮುಖ ನೋಡಿದಳು, ಆಮೇಲೆ ಅಪ್ಪನದು. "ನಾನೇ ಅಪ್ಪಯ್ಯ. ಸ್ಕೇಲ್ ತಪ್ಪ್ ಹಿಡ್ದಿದ್ದೆ. ಮೇಡಮಿಂದ್ ಎಂತದೂ ಇಲ್ಲೆ."

ಇಡೀ ಕ್ಲಾಸಿನಲ್ಲಿ ಅವಳಷ್ಟು ಕರಾರುವಾಕ್ಕಾಗಿ ಅಳೆದವರು ಇರಲಿಲ್ಲ. ಪ್ರಫುಲ್ಲಾ ಅವಳ ಪಕ್ಕದಲ್ಲೇ ನಿಂತು ಬೆನ್ನು ತಟ್ಟಿದ್ದಳು. 'ಇಲ್ಲ, ಇವಳು ಅಳೆದದ್ದು ಸರಿ' ಎಂಬ ಮಾತು ಗಂಟಲಿನವರೆಗೆ ಬಂತು. ಮಂಚದ ಮೇಲಿನ ಚಂದ್ರನ ಮುಖವೂ ಅದರ ಬೆನ್ನಿಗೇ ಬಂತು.

"ಕೂತ್ಕೋ," ಎಂದಳು.

ಪ್ರೇಮಾನಂದರು ಮಗಳನ್ನು ಒಂದು ಗಳಿಗೆ ನೋಡಿದರು. ಏನು ಅರ್ಥವಾಯಿತೋ, ಗೆದ್ದವರಂತೆ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಸಂಜೆಯೊಳಗೆ ಸಹಿ ಬಿತ್ತು.

ಮುಂದಿನ ವಾರದ ಪ್ರಾಕ್ಟಿಕಲ್ಲಿಗೆ ಪ್ರಫುಲ್ಲಾ ತನ್ನ ಕಾಸಿನಿಂದಲೇ ಏಡಿಗಳನ್ನು ತಂದಳು. ಹಿಂದೆಲ್ಲ ಏಡಿ ಕಂಡರೆ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದ ಕ್ಲಾಸು ಅಂದು ತೆಪ್ಪಗಿತ್ತು. ಅಕ್ಷಯ್ ಏನನ್ನೂ ಕೇಳಲಿಲ್ಲ. ಮೋಕ್ಷಿತಾ ಏಡಿಯ ಚಿಪ್ಪಿನ ಮೇಲೆ ಸ್ಕೇಲಿಟ್ಟು ತಲೆಯೆತ್ತಿದಳು. ಮುಖದಲ್ಲಿ ಕುಚೋದ್ಯದ ಸುಳಿವೇ ಇರಲಿಲ್ಲ. ಟೀಚರಿಗೆ ತೊಂದರೆಯಾಗಬಾರದು ಎಂಬ ಕಾಳಜಿಯಷ್ಟೇ ಇತ್ತು.

"ಇದ್ ಎಷ್ಟಿರ್ಕ್ ಮೇಡಂ? ಮೊದ್ಲೇ ಹೇಳಿ, ಅಷ್ಟೇ ಅಳೀತೆ."