ಕಿವಿಮೇಷ್ಟ್ರ ಗೇನ್

ಕಾರಿಗೆ ಆಂಪ್ಲಿಫೈಯರ್ ಕೂರಿಸುವವರು ಬೇಕಾದಷ್ಟು ಜನ ಇದ್ದರು. ಅದರ ಗೇನ್ ಇಡಿಸುವುದಿದ್ದರೆ ಮಾತ್ರ ಎಲ್ಲರೂ ಕಿವಿಮೇಷ್ಟ್ರ ಅಂಗಡಿಗೇ ಬರುತ್ತಿದ್ದರು. ಗೇನ್ ಎಂದರೆ ಸದ್ದು ಜೋರು ಮಾಡುವ ಗುಂಡಿಯಲ್ಲ. ಸ್ಟೀರಿಯೊಗೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಮಾಡಿಸುವ ಸಣ್ಣ ತಿರುಪು. ಸ್ಟೀರಿಯೊ ಮುಕ್ಕಾಲು ಏರಿಸಿ, ತಿರುಪನ್ನು ಮೆಲ್ಲಗೆ ತಿರುಗಿಸುತ್ತ ಹೋಗಬೇಕು. ದನಿ ಒಡೆಯಿತು ಅನ್ನುವಲ್ಲಿ ನಿಂತು, ಕೂದಲೆಳೆಯಷ್ಟು ಹಿಂದಕ್ಕೆ ಬರಬೇಕು. ಮುಂದೆ ಹೋದರೆ ಸ್ಪೀಕರ್ ಸುಟ್ಟು ಕರಕಲು. ಆ ಒಡಕನ್ನು ಮೇಷ್ಟ್ರು ಬರೀ ಕಿವಿಯಲ್ಲೇ ಹಿಡಿಯುತ್ತಿದ್ದರು. ಹೆಸರು ಬಂದದ್ದು ಹಾಗೆ. ಜಂಬ ಬಂದದ್ದೂ ಹಾಗೆಯೇ.

ಈಗ ಆ ಕಿವಿ ಇರಲಿಲ್ಲ. ದಪ್ಪ ದನಿ ಎದೆಗೇ ಬಡಿಯುವುದರಿಂದ ಅದರ ಚಿಂತೆಯಿಲ್ಲ; ಬಾಗಿಲಿನ ಪುಟ್ಟ ಸ್ಪೀಕರುಗಳ ಕೀರಲು ದನಿ ಮಾತ್ರ ಅವರ ಪಾಲಿಗೆ ಪೂರಾ ಸತ್ತುಹೋಗಿತ್ತು. ಇದನ್ನು ಯಾರಿಗೂ ಹೇಳದೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಸ್ಟೀರಿಯೊ ಮುಂದೆ ಕೂರುತ್ತಿದ್ದವನು ಹೆಂಡತಿಯ ತಮ್ಮ. ದನಿ ಒಡೆದ ಕೂಡಲೇ ಅವನ ಮುಖ ಹುಳಿ ಕಚ್ಚಿದಂತೆ ಕಿವುಚುತ್ತಿತ್ತು. ಮೇಷ್ಟ್ರು ಅದನ್ನು ನೋಡಿ ಕೈ ನಿಲ್ಲಿಸಿ, ತಾವೇ ಕೇಳಿದಂತೆ ಗಿರಾಕಿಗೆ ಹೇಳುತ್ತಿದ್ದರು. ಮುಖ ಅವನದು, ಹೆಸರು ಇವರದು.

ಹಾಗಂತ ಆ ಮುಖಕ್ಕೆ ಮರ್ಯಾದೆ ಕೊಟ್ಟವರಲ್ಲ. ಗಿರಾಕಿಗಳೆದುರೇ ಅವನನ್ನು ಕತ್ತೆಕಿವಿ ಎಂದು ಕೂಗುತ್ತಿದ್ದರು. ಆ ಬೆಳಿಗ್ಗೆ ಅವನು ದನಿಯ ಅಲೆಯನ್ನು ಪರದೆಯ ಮೇಲೆ ತೋರಿಸುವ ಪುಟ್ಟ ಮೀಟರೊಂದನ್ನು ತಂದು ಮೇಜಿನ ಮೇಲಿಟ್ಟ.

"ಒಡೆದ್ರೆ ಅಲೆಯ ತಲೆ ಚಪ್ಪಟೆ ಆಗುತ್ತೆ ಭಾವ. ಕಣ್ಣಲ್ಲೇ ಕಾಣುತ್ತೆ. ನಿಮಗೇ ಅನುಕೂಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಮೇಷ್ಟ್ರಿಗೆ. ಗುಟ್ಟು ಎಲ್ಲಿ ರಟ್ಟಾಯಿತೋ ಎಂದು ಹೆದರಿದರು. ಹೆದರಿದವರ ಬಾಯಿ ಬಲು ಕೆಟ್ಟದ್ದು.

"ಕಿವುಡರಿಗೆ ಬೇಕಪ್ಪ ಇದು," ಎಂದರು, ಕಾರು ತಂದು ನಿಂತಿದ್ದ ಟ್ಯಾಕ್ಸಿ ಮಾಲೀಕನಿಗೂ ಕೇಳುವಂತೆ. "ನಿಮ್ಮಕ್ಕನ ಮುಖ ನೋಡಿ ಇಟ್ಕೊಂಡಿದ್ದೆ. ನಾಳೆಯಿಂದ ಬರ್ಬೇಡ. ಬೇರೆಯವನಿಗೆ ಹೇಳಿದೀನಿ."

ಕಿವಿ ಇರುವ ಯಾವ ಮುಖವಾದರೂ ಕಿವುಚೀತು ಎಂಬುದು ಅವರ ಲೆಕ್ಕ.

ಬಾಮೈದ ಮೀಟರನ್ನು ಪಕ್ಕಕ್ಕೆ ಸರಿಸಿ, ಕಾರಿನೊಳಗೆ ಹೋಗಿ ಸ್ಟೀರಿಯೊ ಮುಂದೆ ಕೂತ. ಮಾಲೀಕ ತೆರೆದ ಬಾಗಿಲಿಗೆ ಒರಗಿ ನಿಂತ. ಈ ಕಾರು ಸರಿಬಂದರೆ ತನ್ನ ಉಳಿದ ಕಾರುಗಳನ್ನೂ ಇಲ್ಲಿಗೇ ಕಳಿಸುವೆನೆಂದಿದ್ದ. ಪುಟ್ಟ ಸ್ಪೀಕರುಗಳ ಗೇನ್ ಒಂದು ಬಾಕಿ; ಅದನ್ನಿಡುವಾಗ ದಪ್ಪ ದನಿಯ ಸ್ಪೀಕರ್ ಬಂದ್. ಮೇಷ್ಟ್ರು ಪಕ್ಕದ ಸೀಟಿನ ಕೆಳಗಿದ್ದ ಆಂಪ್ಲಿಫೈಯರ್ ಮುಂದೆ ಮಂಡಿಯೂರಿ, ತಿರುಪಿಗೆ ಸ್ಕ್ರೂಡ್ರೈವರ್ ಕೊಟ್ಟರು.

"ಹಾಡು ಹಾಕಿದೀನಿ ಭಾವ," ಎಂದ ಬಾಮೈದ.

ಮೇಷ್ಟ್ರು ತಲೆ ವಾಲಿಸಿ, ಕಣ್ಣು ಅರೆಮುಚ್ಚಿ, ದೊಡ್ಡ ಠೀವಿಯಿಂದ ತಿರುಗಿಸಿದರು. ಅರೆಗಣ್ಣು ಬಾಮೈದನ ಮೇಲೇ ಇತ್ತು. ಇನ್ನಷ್ಟು ತಿರುಗಿಸಿದರು. ಮುಖ ಕಿವುಚಿತು.

"ಇಲ್ಲಿ ಒಡೀತು ನೋಡಿ," ಎಂದು ಮಾಲೀಕನ ಕಡೆ ತಿರುಗಿದರು. "ಕೇಳಿಸ್ತಾ? ಇಷ್ಟು ಸಣ್ಣ ಒಡಕು ಎಲ್ಲರ ಕಿವಿಗೂ ಬೀಳಲ್ಲ ಬಿಡಿ."

ಮಾಲೀಕ ಒಮ್ಮೆ ಸ್ಟೀರಿಯೊ ನೋಡಿದ, ಒಮ್ಮೆ ಮೇಷ್ಟ್ರನ್ನು ನೋಡಿದ. "ಏನೂ ಹಾಕೇ ಇಲ್ವಲ್ಲ ಮೇಷ್ಟ್ರೇ."

ಮೇಷ್ಟ್ರ ಕೈ ತಿರುಪಿನ ಮೇಲೇ ಉಳಿಯಿತು. ಬಾಮೈದ ಅವರ ಮುಖದ ಹತ್ತಿರ ಬಗ್ಗಿ, ಕಿವುಡರಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಜೋರಾಗಿ ಹೇಳಿದ.

"ಅಷ್ಟು ಸಣ್ಣ ಒಡಕಿಗೆ ಯಾರ ಮುಖಾನೂ ಕಿವುಚಲ್ಲ ಭಾವ. ನಂದೂ ಕಿವುಚ್ತಿರ್ಲಿಲ್ಲ. ನಿಮಗೆ ಕಾಣ್ಲಿ ಅಂತ ಬೇಕಂತ್ಲೇ ಮಾಡ್ತಿದ್ದೆ. 'ಅವರ ಮಾನ ಉಳಿಸೋ' ಅಂತ ಅಕ್ಕ ಕೈ ಮುಗಿದಿದ್ಲು. ನಾಳೆ ಬರೋನಿಗೆ ನೀವೇ ಹೇಳಿಕೊಡಿ."

ಹೆಂಡತಿಗೂ ಗೊತ್ತಿತ್ತು. ಮೇಷ್ಟ್ರ ಕೈಲಿದ್ದ ಸ್ಕ್ರೂಡ್ರೈವರನ್ನು ಬಾಮೈದ ತೆಗೆದುಕೊಂಡ. ಅವನು ಮೀಟರ್ ಜೋಡಿಸಿ, ಗೇನ್ ಸರಿಮಾಡಿ, ಕೈ ಒರೆಸಿಕೊಂಡು ಇಳಿದ.

ಮಾಲೀಕ ಅವನ ಹೆಗಲ ಮೇಲೆ ಕೈ ಹಾಕಿ ಅಂಗಡಿ ಬಾಗಿಲವರೆಗೆ ಹೋದ. ಅಲ್ಲಿ ನಿಂತು ಇಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡಿಕೊಂಡು, ಹಿಂತಿರುಗಿ ನೋಡಿ ನಕ್ಕರು. ಏನೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಅವರು ನಗುತ್ತಿದ್ದಾರಲ್ಲ ಎಂದು ತಾವೂ ನಕ್ಕರು.