ಗೋಡೆಯಕ್ಕನ ಅಕ್ಷರ

ಪಟ್ಟಿಯಲ್ಲಿ ಅಮ್ಮ ಇರಲಿಲ್ಲ.

ಮಗಳು ಮೌಸಿನ ಗಾಲಿಯನ್ನು ಮತ್ತೊಮ್ಮೆ ಮೇಲಿನಿಂದ ಉರುಳಿಸಿದಳು. ಮದುವೆ ಕಾಗದದ ಬಳುಕುವ ಅಕ್ಷರ, ಚುನಾವಣೆಯ ಎದೆಯುಬ್ಬಿಸಿದ ಅಕ್ಷರ, ಸಾವಿನ ಸುದ್ದಿಗೆಂದು ಇಟ್ಟುಕೊಂಡ ತಲೆತಗ್ಗಿಸಿದ ಅಕ್ಷರ, ಎಲ್ಲವೂ ಸಾಲಾಗಿ ಬಂದು ಮುಖ ತೋರಿಸಿ ಹೋದವು. ‘ಗೋಡೆಯಕ್ಕ’ ಎಂಬ ಹೆಸರಿನ ಫಾಂಟು ಮಾತ್ರ ಕಾಣಲಿಲ್ಲ. ಬೆಳಿಗ್ಗೆ ಬಂದವಳೇ ಅದನ್ನು ಈ ಕಂಪ್ಯೂಟರಿಗೆ ಹಾಕಿದ್ದಳು. ಫಾಂಟುಗಳನ್ನು ಇಡುವ ಜಾಗಕ್ಕೆ ಹೋಗಿ ಇಣುಕಿದರೆ ಅಲ್ಲಿ ತಣ್ಣಗೆ ಕೂತಿತ್ತು. ಬ್ಯಾನರ್ ಮಾಡುವ ಸಾಫ್ಟ್‌ವೇರಿಗೆ ಬಂದರೆ ಇಲ್ಲ. ಮುಚ್ಚಿ ತೆರೆದಳು, ಇಲ್ಲ. ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು, ಇಲ್ಲ. ತೆಗೆದುಹಾಕಿ ಮತ್ತೆ ಹಾಕಿದಳು. ಬಾಗಿಲಲ್ಲಿ ಚಪ್ಪಲಿ ಇದೆ, ಒಳಗೆ ಹೋದರೆ ಆಳಿಲ್ಲ ಎಂಬಂಥ ಕತೆ.

"ಏನ್ ಡಿಸೈನಮ್ಮ, ಬೆಳಗಿಂದ ಅದೊಂದೇ ಪಟ್ಟೀನ ಜಪ ಮಾಡ್ತಾ ಇದ್ದೀಯ?" ಗಲ್ಲಾದ ಹಿಂದಿನಿಂದ ಅಂಗಡಿಯ ಓನರ್ ಕತ್ತು ಚಾಚಿದ. "ಗಿರಣಿಯವರ ಬೋರ್ಡು ಎಲ್ಲಿಗೆ ಬಂತು? ಸಂಜೆ ಗಾಡಿ ಕಳಿಸ್ತಾರೆ."

"ಅದು ಆಗುತ್ತೆ ಸಾರ್. ಮೊದಲು ಇದೊಂದು..."

"ಇದೊಂದು ಅಂದ್ರೆ ಗಿರಣಿ ಹೆಂಗಸರದು. ಅವರಿಗೂ ಸಂಜೆಗೇ ಬೇಕು. ಒಂದೇ ಮೆಷೀನಲ್ಲಿ ಅತ್ತೇದೂ ಸೊಸೇದೂ ಹೊಡೀಬೇಕು ನಾನು! ನನಗೇನಮ್ಮ, ಇಂಕಿಗೆ ಪಕ್ಷ ಇಲ್ಲ."

ಇಂಕಿಗೆ ಪಕ್ಷವಿಲ್ಲ ಎನ್ನುವವರ ಇಂಕು ಯಾವಾಗಲೂ ಯಾರ ಕಡೆ ಹರಿಯುತ್ತದೆ ಎನ್ನುವುದು ಮಗಳಿಗೆ ಗೊತ್ತಿತ್ತು. ಗಿರಣಿಯವರಿಗೆ ಬೇಕಾಗಿದ್ದು ತಗಡಿನ ಬೋರ್ಡುಗಳು: ‘ಈ ಗೋಡೆಯ ಮೇಲೆ ಬರೆಯಬಾರದು. ಬರೆದವರಿಗೆ ದಂಡ.’ ಗಿರಣಿಯ ಹೆಂಗಸರಿಗೆ ಬೇಕಾಗಿದ್ದು ಒಂದು ಬ್ಯಾನರು. ನಾಳೆ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಅವರು ಅದನ್ನು ಹಿಡಿದು ನಿಲ್ಲುವವರಿದ್ದರು. ಗೋಡೆಯನ್ನು ಕಿತ್ತುಕೊಂಡ ಮೇಲೆ ಉಳಿಯುವುದು ಕೈ ತಾನೇ. ಆದರೆ ಬ್ಯಾನರಿನ ಮೇಲೆ ಗೋಡೆಯಕ್ಕನ ಅಕ್ಷರವೇ ಬೇಕೆಂದು ಅವರ ಹಟ. ಕಂಡ ಕೂಡಲೇ ಗಿರಣಿಯ ಮ್ಯಾನೇಜರ್ ಆಫೀಸಿನ ಮೆಟ್ಟಿಲ ಮೇಲೇ ನಿಂತುಬಿಡಬೇಕು, ಸತ್ತವಳು ಎದ್ದು ಬಂದಳೇ ಎಂದು.

ಗೋಡೆಯಕ್ಕ ಎಂದರೆ ಈ ಮಗಳ ಅಮ್ಮ. ಹಗಲೆಲ್ಲ ಗಿರಣಿಯಲ್ಲಿ ನೂಲು ತೆಗೆದು, ಕತ್ತಲಾದ ಮೇಲೆ ಗಿರಣಿಯ ಹೊರಗೋಡೆಯ ಮೇಲೆ ಬರೆಯುತ್ತಿದ್ದಳು. ತಲೆಕೆಳಗಾಗಿಸಿದ ಬಕೆಟ್ಟಿನ ಮೇಲೆ ನಿಂತು, ಜಜ್ಜಿ ನಾರು ಬಿಡಿಸಿದ ಹಗ್ಗದ ತುಂಡನ್ನು ಕೆಂಪು ಬಣ್ಣದಲ್ಲಿ ಅದ್ದಿ, ಆಳೆತ್ತರದ ಅಕ್ಷರ. ‘ನಾವು ಕೇಳುವುದು ಉಸಿರು, ಭಿಕ್ಷೆಯಲ್ಲ.’ ಬೆಳಿಗ್ಗೆ ಆಡಳಿತದವರು ಸುಣ್ಣ ಬಳಿಸುತ್ತಿದ್ದರು. ವಾರ ಕಳೆಯುವುದರೊಳಗೆ ಸುಣ್ಣದ ಮೇಲೆ ಮತ್ತೆ ಅದೇ ಕೆಂಪು. ಗಿರಣಿಯೊಳಗೆ ಹತ್ತಿಯ ಧೂಳು ಹಾರಿ ಹಾರಿ ಹೆಂಗಸರ ರೆಪ್ಪೆಯ ಮೇಲೆ, ಬುತ್ತಿಯ ಮೇಲೆ, ಎದೆಯೊಳಗೆ ಕೂರುತ್ತಿತ್ತು. ಗಾಳಿಯಾಡಲು ಫ್ಯಾನು ಹಾಕಿಸಿ ಎಂದು ಕೇಳಿದ್ದಕ್ಕೆ, ಗಾಳಿ ಬಿಟ್ಟರೆ ನೂಲು ಹರಿಯುತ್ತದೆ ಎಂಬ ಉತ್ತರ ಬಂದಿತ್ತು. ಹೆಂಗಸು ಹರಿದರೆ ಗಂಟು ಹಾಕಬಹುದು, ನೂಲು ಹರಿದರೆ ನಷ್ಟ. ಕೊನೆಗೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಎತ್ತಿ ಹಿಡಿದಾಗ ಅಮ್ಮನ ಎದೆ ಗಿರಣಿಯ ಗೋಡೆಯಷ್ಟೇ ಬೆಳ್ಳಗಿತ್ತು.

ಊರಿಗೆಲ್ಲ ಬರೆದ ಕೈ ಮಗಳಿಗೆಂದು ಒಂದು ಸಾಲು ಬರೆದಿರಲಿಲ್ಲ. ಬರೆಯಲು ಹೋಗುವ ಸಂಜೆ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು: "ಅಮ್ಮ ಬರೋದು ತಡ ಆಗುತ್ತಂತೆ ಕೂಸೇ. ಚಿಲಕ ಹಾಕ್ಕೋಬೇಡ." ಚಿಲಕ ಹಾಕದ ಬಾಗಿಲನ್ನೇ ನೋಡುತ್ತ ಅವಳು ನಿದ್ದೆಹೋಗುತ್ತಿದ್ದಳು. ಒಮ್ಮೆ ಅಮ್ಮನನ್ನು ಗೋಗರೆದದ್ದೂ ಇತ್ತು, ನಮ್ಮ ಮನೆ ಗೋಡೆ ಮೇಲೂ ಏನಾದರೂ ಬರಿಯಮ್ಮ ಎಂದು. ಉಗುರ ಸಂದಿಯ ಕೆಂಪನ್ನು ಸೀಮೆಎಣ್ಣೆಯಲ್ಲಿ ತಿಕ್ಕುತ್ತಿದ್ದ ಅಮ್ಮ ನಕ್ಕುಬಿಟ್ಟಿದ್ದಳು. "ಮನೆ ಗೋಡೆ ಓದೋರು ಯಾರೇ? ನಾವಿಬ್ಬರೇ ತಾನೇ."

ಆ ಅಕ್ಷರಗಳನ್ನು ಉಳಿಸಿದವರು ಮೇಷ್ಟ್ರು. ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಓದುವ ಕೂಟ ನಡೆಸುತ್ತಿದ್ದವರು, ಗಿರಣಿಯ ಹೆಂಗಸರಿಗೆ ಓದು ಹಚ್ಚಿದವರು. ಪ್ರತಿ ಸಲವೂ ಸುಣ್ಣದವರಿಗಿಂತ ಮೊದಲೇ ಎದ್ದು ಹೋಗಿ ಗೋಡೆಯ ಫೋಟೋ ತೆಗೆದಿಡುತ್ತಿದ್ದರು. ಅಮ್ಮ ಹೋದ ಮೇಲೆ ಆ ಫೋಟೋಗಳಿಂದ ಒಂದೊಂದೇ ಅಕ್ಷರವನ್ನು ಬಿಡಿಸಿ, ಇಟ್ಟಿಗೆಯ ಕಲೆ ತೊಳೆದು, ಇಳಿವಯಸ್ಸಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಫಾಂಟು ಮಾಡುವುದನ್ನು ಕಲಿತಿದ್ದರು. ಮಗಳು ಈಗ ಅವರಿಗೇ ಫೋನು ಹಚ್ಚಿದಳು.

"ಮೇಷ್ಟ್ರೇ, ಅಮ್ಮ ಬರ್ತಾನೇ ಇಲ್ಲ."

"ಅವಳು ಹೇಳಿದ ಹೊತ್ತಿಗೆ ಎಂದು ಬಂದಿದ್ದಳು?" ಮೇಷ್ಟ್ರು ಕೆಮ್ಮುತ್ತ ನಕ್ಕರು. "ಹಾಕಿದ್ದು ಸರಿಯಾಗಿದೆಯಾ?"

"ಇದೆ. ಎರಡು ಸಲ ಹಾಕಿದೆ. ಪಟ್ಟಿ ಪೂರ್ತಿ ನೋಡಿದೆ, ಕೊನೇತನಕ."

"ಹಾಗಾದ್ರೆ ಫಾಂಟಿನ ತಪ್ಪೋ, ಆ ಸಾಫ್ಟ್‌ವೇರಿನ ತಪ್ಪೋ ಮೊದಲು ನೋಡೋಣ. ಕಾಗದ ಟೈಪ್ ಮಾಡೋದು ಬೇರೆ ಇರುತ್ತಲ್ಲ, ಅದನ್ನ ತೆಗಿ. ಅಲ್ಲಿ ಇದ್ದಾಳಾ?"

ಅವಳು ಬಿಲ್ಲು, ಅರ್ಜಿ ಟೈಪ್ ಮಾಡುವ ಸಾಫ್ಟ್‌ವೇರನ್ನು ತೆರೆದು, ಪಟ್ಟಿಯನ್ನು ಇಳಿಸಿದಳು. ‘ಗ’ಕಾರದ ಸಾಲಿನಲ್ಲಿ ಗೋಡೆಯಕ್ಕ. ಅಷ್ಟು ಹೊತ್ತೂ ಇಲ್ಲೇ ಇದ್ದೆನಲ್ಲ ಎನ್ನುವ ಹಾಗೆ.

ಏನು ಟೈಪ್ ಮಾಡಬೇಕೆಂದು ಅವಳು ಯೋಚಿಸಲಿಲ್ಲ. ಬೆರಳುಗಳೇ ಹೋದವು. ಖಾಲಿ ಹಾಳೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು.

ಬೇಗ ಬರ್ತೀನಿ. ಮಲಗಿರು.

ಅಮ್ಮನ ಕೈ. ‘ಬ’ದ ಹೊಟ್ಟೆ ಹಾಗೇ ದುಂಡಗೆ, ‘ಮ’ದ ಬಾಲ ಹಗ್ಗದ ನಾರು ಸೀಳಿ ಎರಡಾದ ಹಾಗೇ. ಕೆಲವು ಅಕ್ಷರ ನೆಟ್ಟಗೆ ನಿಂತಿದ್ದವು. ಕೆಲವು ಗಾಳಿಗೆ ಎದುರಾಗಿ ನಡೆಯುವವರಂತೆ ಮುಂದಕ್ಕೆ ಬಾಗಿದ್ದವು. ಅಮ್ಮ ಎಂದೂ ಬರೆಯದ ಸಾಲನ್ನು ಅಮ್ಮನೇ ಬರೆದಿದ್ದಳು. ಮಗಳು ಬೆರಳನ್ನು ಪರದೆಯ ಗಾಜಿಗೆ ಮುಟ್ಟಿಸಿ ಹಿಂದಕ್ಕೆಳೆದುಕೊಂಡಳು, ಬಣ್ಣ ಹಸಿಯಿದ್ದೀತು ಎಂಬಂತೆ.

"ಹಲೋ? ಬಂದಳಾ? ಏನಮ್ಮ, ಫೋನ್ ಇಟ್ಟೆಯಾ?"

"ಬಂದಿದ್ದಾಳೆ ಮೇಷ್ಟ್ರೇ."

"ಹಾಂ. ಹಾಗಾದ್ರೆ ನೀನು ಅದನ್ನ ನಿನಗೆ ಮಾತ್ರ ಅಂತ ಹಾಕ್ಕೊಂಡಿದ್ದೀಯ. ಸುಮ್ಮನೆ ಇನ್‌ಸ್ಟಾಲ್ ಅಂತ ಒತ್ತಿದ್ರೆ ಒತ್ತಿದವರ ಪಾಲಿಗಷ್ಟೇ ಅದು. ನಿಮ್ಮ ಬ್ಯಾನರ್ ಸಾಫ್ಟ್‌ವೇರು ಹಳೇದು, ಅದಕ್ಕೆ ಒಬ್ಬೊಬ್ಬರ ಸ್ವಂತದ್ದು ಕಾಣಲ್ಲ. ಎಲ್ಲರಿಗೂ ಅಂತ ಹಾಕಿದ್ದು ಮಾತ್ರ ಕಾಣುತ್ತೆ. ಅದರ ಕೆಳಗೇ ಇನ್ನೊಂದು ಸಾಲಿದೆ, ಗುರಾಣಿ ಚಿತ್ರ ಇರೋದು. ಎಲ್ಲ ಬಳಕೆದಾರರಿಗೂ ಅಂತ. ಅದನ್ನ ಒತ್ತು."

ಒತ್ತಿದಳು. ಪರದೆ ಮಬ್ಬಾಗಿ, ನಡುವೆ ಒಂದು ಕಿಟಕಿ ತೆರೆದು, ಓನರನ ಪಾಸ್‌ವರ್ಡ್ ಕೇಳಿತು. ಅವಳು ಫೋನು ಇಟ್ಟು ಗಲ್ಲಾದ ಕಡೆ ನೋಡಿದಳು. ಕರೆದರೆ ಅವನು ಬರುತ್ತಾನೆ. ಹಾಕಿದರೆ ಅಮ್ಮ ಆ ಪಟ್ಟಿಯೊಳಗೆ ಹೋಗುತ್ತಾಳೆ, ಚುನಾವಣೆಯ ಅಕ್ಷರದ ಪಕ್ಕ, ಯಾರು ಬೇಕಾದರೂ ಎಳೆದು ಏನು ಬೇಕಾದರೂ ಬರೆಸುವಂತೆ. ಹಾಕದಿದ್ದರೆ ಈ ಪುಟ್ಟ ಹಾಳೆಯಲ್ಲಿ ಅವಳೊಬ್ಬಳಿಗೇ. ಇಷ್ಟು ವರ್ಷದ ಮೇಲೆ, ಅವಳೊಬ್ಬಳಿಗೇ. ಬೇಡ ಎಂದು ಆ ಕಿಟಕಿಯನ್ನು ಮುಚ್ಚಿದಳು. ಮಬ್ಬು ಸರಿದು ಬಿಳಿ ಹಾಳೆ ಮತ್ತೆ ಬೆಳಗಿತು. ‘ಆಗ್ತಾ ಇಲ್ಲ, ಬೇರೆ ಅಕ್ಷರದಲ್ಲಿ ಹೊಡೆದುಕೊಡ್ತೀನಿ’ ಎಂದರೆ ಮುಗಿಯಿತು. ಯಾರೂ ಕಂಪ್ಯೂಟರಿನೊಳಗೆ ತಲೆ ಹಾಕಿ ನೋಡುವುದಿಲ್ಲ.

ಅಷ್ಟರಲ್ಲಿ ಬಾಗಿಲಿನ ಗಾಜು ತಳ್ಳಿಕೊಂಡು ಚಿಕ್ಕಮ್ಮ ಬಂದಳು. ರಕ್ತದ ನಂಟಲ್ಲ, ಗಿರಣಿಯ ನಂಟು. ಅಮ್ಮ ಬಕೆಟ್ಟಿನ ಮೇಲೆ ನಿಂತರೆ ಕೆಳಗೆ ಬಣ್ಣದ ಡಬ್ಬಿ ಹಿಡಿದು ಕಾವಲು ನಿಲ್ಲುತ್ತಿದ್ದವಳು. ತಲೆಗೂದಲಲ್ಲಿ ಹತ್ತಿಯ ಎಳೆ ಹಾಗೇ ಇತ್ತು.

"ಏನೇ ಮಗಳೇ, ಆಯ್ತಾ? ಅಲ್ಲಿ ಎಲ್ಲರೂ ನನ್ನ ತಲೆ ತಿಂತಾ ಇದ್ದಾರೆ, ಅಕ್ಕನ ಅಕ್ಷರ ಬಂತಾ, ಅಕ್ಕನ ಅಕ್ಷರ ಬಂತಾ ಅಂತ. ಹೊಸದಾಗಿ ಸೇರಿದ ಹುಡುಗೀರು ಅವಳನ್ನ ನೋಡೇ ಇಲ್ಲ, ಅವಕ್ಕೂ ಅಕ್ಕನೇ ಬೇಕಂತೆ!"

"ಅದು... ಚಿಕ್ಕಮ್ಮ, ಕಂಪ್ಯೂಟರ್ ತಗೋತಾ ಇಲ್ಲ."

ಮಾತು ಮುಗಿಯುವ ಮೊದಲೇ ಚಿಕ್ಕಮ್ಮ ಹಿಂದೆ ಬಂದು ನಿಂತಿದ್ದಳು. ಅವಳ ಕಣ್ಣು ಹಾಳೆಯ ಮೇಲಿತ್ತು. ತುಟಿ ಆಡಿಸುತ್ತ ಓದಿದಳು. ಓದುವುದನ್ನು ಅವಳೂ ಮೇಷ್ಟ್ರ ಕೋಣೆಯಲ್ಲೇ ಕಲಿತದ್ದು, ತುಟಿ ಆಡದೆ ಓದು ಬರುತ್ತಿರಲಿಲ್ಲ.

"ಇದನ್ನ ಯಾವ ಗೋಡೆ ಮೇಲೆ ಬರೆದಿದ್ದಳೇ? ನನಗೆ ನೆನಪಿಲ್ವಲ್ಲ."

"ಯಾವ ಗೋಡೆ ಮೇಲೂ ಇಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಆಮೇಲೆ ಅವಳು ಬಾಗಿ, ಮುಂದಕ್ಕೆ ವಾಲಿದ ‘ರು’ವನ್ನು ತೋರಿಸಿದಳು.

"ಇದು ಕೊನೇ ಸಾಲಿನದು."

"ಹೇಗೆ ಗೊತ್ತು?"

"ಗೊತ್ತಾಗದೆ ಏನು. ಮೊದಲ ಸಾಲು ರಾಣಿ ಹಾಗೆ ಬರೀತಿದ್ದಳು, ನೆಟ್ಟಗೆ. ಕೊನೇ ಸಾಲಿಗೆ ಬಂದ್ರೆ ಕೈ ಓಡೋದು. ಎಲ್ಲಾ ಅಕ್ಷರಾನೂ ಮುಗ್ಗರಿಸಿದ ಹಾಗೆ. ‘ನಿಧಾನಕ್ಕೆ ಬರಿಯೇ ಮಾರಾಯ್ತಿ, ಕಾವಲು ನಾನಿದ್ದೀನಿ’ ಅಂತ ಬೈತಿದ್ದೆ. ‘ಗಿರಣಿ ಕಾವಲಿನವನ ಭಯ ಯಾರಿಗೆ? ಮನೇಲಿ ಕೂಸು ಒಂದೇ ಇದೆ, ಬಾಗಿಲು ತೆರೆದಿದೆ’ ಅನ್ನೋಳು. ಬಕೆಟ್ಟು ಹೊತ್ಕೊಂಡು ಬರೋದೂ ನನ್ನ ಪಾಲಿಗೇ ಬಿಟ್ಟು ಓಡೋಳು."

ಮಗಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬಾಗಿದ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು. ‘ಗ’, ‘ನಿ’, ‘ರು’. ಮತ್ತೆ ಮೊದಲಿನಿಂದ ನೋಡಿದಳು. ಮೂಗನ್ನು ತೋಳಿಗೆ ಒರೆಸಿಕೊಂಡು, ಗುರಾಣಿಯ ಸಾಲನ್ನು ಇನ್ನೊಮ್ಮೆ ಒತ್ತಿದಳು.

"ಸಾರ್, ಒಂಚೂರು ಪಾಸ್‌ವರ್ಡ್ ಹಾಕಿ ಬನ್ನಿ."

"ಆ ಕಡೆ ತಿರುಗಿ ಇಬ್ಬರೂ," ಎನ್ನುತ್ತ ಓನರ್ ಬಂದ. ಒಂದು ಅಂಗೈಯನ್ನು ಕೀಬೋರ್ಡಿಗೆ ಮರೆಮಾಡಿ ಇನ್ನೊಂದರಲ್ಲಿ ಕುಟ್ಟಿದ. ಬ್ಯಾನರಿನ ಸಾಫ್ಟ್‌ವೇರನ್ನು ಅವಳು ಮುಚ್ಚಿ ತೆರೆದಳು. ಪಟ್ಟಿ ಇಳಿಯಿತು. ಗೋಡೆಯಕ್ಕ ಬಂದಿದ್ದಳು. ‘ನಾವು ಕೇಳುವುದು ಉಸಿರು, ಭಿಕ್ಷೆಯಲ್ಲ’ ಎಂದು ಪರದೆಯ ಉದ್ದಕ್ಕೂ ಕೆಂಪು ಹರಡಿತು. ಚಿಕ್ಕಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಓನರ್ ಹಿಂದೆ ಸರಿದು, ತಲೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಿ ನೋಡಿದ. "ಪರವಾಗಿಲ್ಲ ಕಣಮ್ಮ! ದಪ್ಪಗಿದೆ, ದೂರಕ್ಕೆ ಕಾಣುತ್ತೆ. ಕೈಯಲ್ಲಿ ಬರೆದ ಹಾಗೇ ಇದೆ. ಇನ್ನು ಇದು ಅಂಗಡಿಯದೂ ಆಯ್ತಲ್ಲ. ಗಿರಣಿ ಬೋರ್ಡಿಗೂ ಇದನ್ನೇ ಹೊಡಿ. ಆ ಸಪ್ಪೆ ಅಕ್ಷರ ಯಾರೂ ಓದಲ್ಲ ಅಂತ ಅವರೇ ಗೊಣಗ್ತಿದ್ರು."

ಮಗಳು ಮೌಸನ್ನು ಆಚೆ ಸರಿಸಿದಳು. "ಅದಕ್ಕಾಗಲ್ಲ ಸಾರ್. ಈ ಕೈ ಅದನ್ನ ಬರೆಯಲ್ಲ."

"ಕೈ ಎಲ್ಲಿದೆ? ಇದು ಫಾಂಟು!"

ಆಗ ಚಿಕ್ಕಮ್ಮನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಆಮೇಲೆ ಕೆಮ್ಮಾಗಿ, ಗೋಡೆ ಹಿಡಿದು ನಿಲ್ಲಬೇಕಾಗುವಷ್ಟು. "ಹೊಡಿ ಮಗಳೇ, ಹೊಡಿ," ಎಂದು ಉಸಿರು ಎಳೆದುಕೊಂಡಳು. "ಈ ಸಲ ಬಕೆಟ್ಟೂ ಬೇಡ, ಕಾವಲೂ ಬೇಡ. ಸುಣ್ಣ ಬಳಿಸಿದವರೇ ಏಣಿ ಹಾಕಿ, ಮೊಳೆ ಹೊಡೆದು, ಅದೇ ಗೋಡೆ ಮೇಲೆ ಅವಳನ್ನ ಕೂರಿಸ್ತಾರೆ. ಮಳೆ ಬಂದ್ರೂ ಹೋಗಲ್ಲ!"

"ಏನಂತಮ್ಮ ಇವರದು?" ಎಂದ ಓನರ್.

"ಏನಿಲ್ಲ ಸಾರ್," ಎಂದಳು ಮಗಳು. "ಚೆನ್ನಾಗಿ ಕಾಣುತ್ತೆ ಅಂತಿದ್ದಾರೆ."

ಬ್ಯಾನರು ಮೆಷೀನಿನಿಂದ ನಾಲಿಗೆಯಂತೆ ಹೊರಗೆ ಚಾಚಿಕೊಳ್ಳುತ್ತ ಬಂತು. ಒಣಗುವ ಮೊದಲೇ ಮುಟ್ಟಿದ ಚಿಕ್ಕಮ್ಮನ ಬೆರಳ ತುದಿ ಕೆಂಪಾಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಅದರ ಹಿಂದೆಯೇ ಬೋರ್ಡುಗಳ ಹಾಳೆಗಳೂ ಬಂದು ತಗಡಿಗೆ ಅಂಟಿಕೊಂಡವು. ‘ಈ ಗೋಡೆಯ ಮೇಲೆ ಬರೆಯಬಾರದು’ ಎಂದು ಗೋಡೆಯಕ್ಕ ತನ್ನ ದುಂಡು ‘ಬ’ಕಾರದಲ್ಲಿ ಬರೆದಿದ್ದಳು. ಗಿರಣಿಯ ಗಾಡಿಯವನು ಅವನ್ನು ಜೋಡಿಸಿಕೊಂಡು, ಅಕ್ಷರ ಚೆನ್ನಾಗಿದೆ ಎಂದು ಹೇಳಿ ಹೋದ.

ಅಂಗಡಿ ಮುಚ್ಚುವ ಮೊದಲು ಮಗಳು ಆ ಪುಟ್ಟ ಹಾಳೆಯನ್ನು ಕಾಗದದ ಮೇಲೆ ಮುದ್ರಿಸಿಕೊಂಡಳು. ಮನೆಗೆ ಬಂದು, ದೀಪ ಹಾಕಿ, ಹಾಸಿಗೆಯಿಂದ ನೇರ ಕಾಣುವ ಗೋಡೆಗೆ ಅಂಟಿಸಿದಳು. ಎತ್ತರದಲ್ಲಲ್ಲ, ಮಗುವೊಂದು ಕೂತು ಓದುವಷ್ಟು ಕೆಳಗೆ. ದೂರ ಸರಿದು ನೋಡಿದಳು. ಬಾಗಿದ ಅಕ್ಷರಗಳು ಬಾಗಿಲಿನ ಕಡೆಯಿಂದ ಒಳಗೆ ಓಡಿಬರುತ್ತಿದ್ದವು.

ಬಾಗಿಲು ಹಾಕಿದಳು. ಅಭ್ಯಾಸದಂತೆ ಕೈ ಚಿಲಕಕ್ಕೆ ಹೋಯಿತು. ತಣ್ಣನೆಯ ಕಬ್ಬಿಣದ ಮೇಲೆ ಕೊಂಚ ಹೊತ್ತು ನಿಂತಿತು. ಆಮೇಲೆ ಚಿಲಕವನ್ನು ಹಾಗೇ ಬಿಟ್ಟು ಬಂದು ಮಲಗಿದಳು.